ಸೈಕಲ್ಲು, ಸೆಕೆ ಮತ್ತು ಒಂದು ದಪ್ಪ ಹೊಲಿಗೆ

ಕಳೆದ ಅಕ್ಟೋಬರ್. ಮಳೆ ಹಿಂದೆ ಸರಿದು ಕಾರವಾರದಲ್ಲಿ ಸೆಕೆ ಶುರುವಾದ ದಿನಗಳು. ನಾನು ಶಾಲೆಯಲ್ಲಿ ಅಕ್ಕೋರು, ಅಂದರೆ ಟೀಚರ್. ಶಾಲೆ ಬಿಟ್ಟ ಮೇಲೆ ಸದಾಶಿವಗಡದ ಕಡೆಯಿಂದ ಕಾಳಿ ಸೇತುವೆಗೆ ಸೈಕಲ್ಲಿನಲ್ಲಿ ಬರುತ್ತಿದ್ದೆ. ಮುಂದೆ ನಮ್ಮ ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳು ತನ್ನ ಸೈಕಲ್ಲು ತಳ್ಳಿಕೊಂಡು ನಡೆಯುತ್ತಿದ್ದಳು. ಅವಳ ಅಕ್ಕನಿಗೆ ಎಂಟನೇ ಕ್ಲಾಸಿನಲ್ಲಿ ಸರ್ಕಾರ ಕೊಟ್ಟ ಸೈಕಲ್ಲು ಅದು. ಚಕ್ರ ನೋಡಿದೆ, ಗಾಳಿ ಇತ್ತು. ಚೈನೂ ಬಿದ್ದಿರಲಿಲ್ಲ.

"ಎಂತಾಯ್ತೇ? ಯಾಕೆ ತಳ್ತಾ ಇದ್ದಿ?"

"ಏನಿಲ್ಲ ಅಕ್ಕೋರೇ."

ನಾನೂ ಇಳಿದೆ. ಇಬ್ಬರೂ ಸ್ವಲ್ಪ ದೂರ ಸುಮ್ನೆ ತಳ್ಳಿಕೊಂಡು ನಡೆದೆವು. ಒಂದು ಲಾರಿ ಹಾದುಹೋಯಿತು. ಆ ಸದ್ದಿನಲ್ಲಿ ಯಾರಿಗೂ ಕೇಳಿಸಲಿಕ್ಕಿಲ್ಲ ಅಂದುಕೊಂಡಳೋ ಏನೋ, ಮೆಲ್ಲಗೆ ಹೇಳಿದಳು. "ಕೂತರೆ ಉರೀತದೆ ಅಕ್ಕೋರೇ."

ಎಲ್ಲಿ ಅಂತ ನಾನು ಕೇಳಲಿಲ್ಲ. ಗೊತ್ತಿತ್ತು. ಇಪ್ಪತ್ತೇಳು ವರ್ಷದ ಹಿಂದೆ ಅದೇ ಉರಿ ನನಗೂ ಆಗಿತ್ತು.

ನನ್ನ ತವರು ಶಿರಸಿ ಹತ್ತಿರದ ಒಂದು ತೋಟದ ಮನೆ. ಹೈಸ್ಕೂಲಿಗೆ ನಾಲ್ಕು ಕಿಲೋಮೀಟರ್. ಅಣ್ಣನ ಹಳೇ ಸೈಕಲ್ಲು ನನ್ನ ಪಾಲಿಗೆ ಬಂದಾಗ ಆದ ಖುಷಿ ಈಗಲೂ ನೆನಪಿದೆ. ಎರಡೇ ವಾರಕ್ಕೆ ತೊಡೆ ಸಂದು ಕೆಂಪಾಯಿತು. ಆಮೇಲೆ ಸಿಪ್ಪೆ ಎದ್ದಿತು. ಸ್ನಾನದ ಬಿಸಿನೀರು ತಾಗಿದರೆ ಹಲ್ಲು ಕಚ್ಚುತ್ತಿದ್ದೆ. ಕಾಲು ಅಗಲ ಮಾಡಿ ನಡೆಯೋದನ್ನ ಆಯಿ ನೋಡಿ "ಎಂತಾತೇ ಕೂಸೇ?" ಎಂದು ಕೇಳಿದಳು. ಬಿದ್ದೆ ಎಂದು ಸುಳ್ಳು ಹೇಳಿದೆ. ಬಿದ್ದೆ ಅನ್ನಬಹುದಿತ್ತು, ಅದಕ್ಕೆ ಯಾರೂ ಬೇರೆ ಅರ್ಥ ಹಚ್ಚುವುದಿಲ್ಲ. ಉರಿಯುತ್ತದೆ ಅನ್ನಲಿಕ್ಕೆ ನನ್ನ ಹತ್ತಿರ ಮಾತೇ ಇರಲಿಲ್ಲ. ಸೈಕಲ್ಲು ಕೊಟ್ಟಿಗೆ ಸೇರಿತು. ಹುಡುಗಿಯರ ಮೈಗೆ ಸೈಕಲ್ಲು ಆಗಿಬರುವುದಿಲ್ಲ ಎಂದೇ ಎಷ್ಟೋ ವರ್ಷ ನಂಬಿದ್ದೆ.

ಆ ನಂಬಿಕೆ ತಪ್ಪು ಅಂತ ಗೊತ್ತಾಗಲಿಕ್ಕೆ ನನಗೆ ಮೂವತ್ತಾರು ವರ್ಷ ಆಗಬೇಕಾಯಿತು. ಅದಕ್ಕೇ ಈ ಬರಹ. ಹೆಂಗಸರು ಸೈಕಲ್ಲು ಬಿಡಲಿಕ್ಕೆ ರಸ್ತೆ, ವಾಹನ, ಜನರ ಮಾತು ಎಲ್ಲವೂ ಕಾರಣ ಅಂತ ಎಲ್ಲರೂ ಬರೆಯುತ್ತಾರೆ. ಒಳಬಟ್ಟೆಯ ಮಾತನ್ನು ಮಾತ್ರ ಯಾರೂ ಎತ್ತುವುದಿಲ್ಲ.

ಕೋಡಿಬಾಗದಲ್ಲಿ ಮನೆ ಮಾಡಿದ ಮೇಲೆ ಮತ್ತೆ ಸೈಕಲ್ಲು ತಗೊಂಡೆ. ಶಾಲೆ ಏಳು ಕಿಲೋಮೀಟರ್. ಅರ್ಧ ಗಂಟೆ ಹಿಡಿಯುತ್ತದೆ. ಹತ್ತು ದಿನಕ್ಕೆ ಹಳೇ ಉರಿ ವಾಪಸ್ ಬಂತು. ಮೊದಲು ಸೀಟಿಗೆ ಬೈದೆ. ಮೆತ್ತಗಿನ ಜೆಲ್ ಕವರ್ ಹಾಕಿಸಿದೆ. ಇನ್ನೂ ಜಾಸ್ತಿಯಾಯಿತು. ಆಮೇಲೆ ತಿಳಿಯಿತು, ನಾವು ಕೂತಾಗ ಭಾರ ಹೊರಬೇಕಾದ್ದು ಕುಂಡೆಯ ಕೆಳಗಿರುವ ಎರಡು ಎಲುಬು. ಸೀಟು ತೀರಾ ಮೆತ್ತಗಿದ್ದರೆ ಆ ಎಲುಬು ಒಳಗೆ ಹೂತುಹೋಗಿ, ನಡುವಿನ ಜೆಲ್ ಮೇಲೆದ್ದು ಮೃದುವಾದ ಜಾಗಕ್ಕೆ ಒತ್ತುತ್ತದೆ. ಹೆಂಗಸರಲ್ಲಿ ಆ ಎರಡು ಎಲುಬಿನ ನಡುವಿನ ಅಂತರ ಸಾಮಾನ್ಯವಾಗಿ ಗಂಡಸರಿಗಿಂತ ಸ್ವಲ್ಪ ಜಾಸ್ತಿ. ಅದಕ್ಕೇ ಹೆಂಗಸರ ಸೀಟು ಹಿಂದೆ ಅಗಲ ಇರುತ್ತದೆ. ನಿಮ್ಮದೆಷ್ಟು ಅಂತ ತಿಳಿಯಬೇಕಾದರೆ ಒಂದು ರಟ್ಟಿನ ಪೆಟ್ಟಿಗೆಯ ತುಂಡನ್ನು ಗಟ್ಟಿ ಸ್ಟೂಲಿನ ಮೇಲಿಟ್ಟು, ಮುಂದೆ ಬಾಗಿ ಒಂದು ನಿಮಿಷ ಕುಳಿತುಕೊಳ್ಳಿ. ಎದ್ದಾಗ ಎರಡು ಗುಳಿ ಬಿದ್ದಿರುತ್ತವೆ. ಅವುಗಳ ನಡುವಿನ ದೂರ ಅಳೆದರೆ ಆಯಿತು. ಸೀಟು ಅದಕ್ಕಿಂತ ಸ್ವಲ್ಪ ಅಗಲ ಇರಬೇಕು.

ಸೀಟಿನ ಎತ್ತರವನ್ನೂ ನೋಡಿಸಿ. ತೀರಾ ಎತ್ತರ ಇದ್ದರೆ ಪೆಡಲ್ ಸಿಗಲಿಕ್ಕೆ ಸೊಂಟ ಆಚೀಚೆ ಹೊರಳುತ್ತದೆ. ಹೊರಳಿದಷ್ಟೂ ಉಜ್ಜುತ್ತದೆ. ಎಂಥಾ ಒಳ್ಳೆ ಬಟ್ಟೆ ಹಾಕಿದರೂ ಅದಕ್ಕೆ ಉಪಾಯವಿಲ್ಲ.

ಇದೆಲ್ಲ ಸರಿ ಮಾಡಿದ ಮೇಲೂ ಉರಿ ಪೂರ್ತಿ ಹೋಗಲಿಲ್ಲ. ಒಂದು ಸಂಜೆ ಬಚ್ಚಲಲ್ಲಿ ಬಟ್ಟೆ ಹಿಂಡುವಾಗ ಪ್ಯಾಂಟಿಯನ್ನು ಒಳಮೈ ಹೊರಗೆ ಮಾಡಿ ಹಿಡಿದೆ. ಎರಡು ಕಾಲಿನ ನಡುವೆ ಬರುವ ತುಂಡನ್ನು ಹಿಂದಿನ ಭಾಗಕ್ಕೆ ಜೋಡಿಸಿದ ಕಡೆ, ಅಂಚಿನ ನೂಲು ಬಿಡದಂತೆ ದಾರ ಸುತ್ತಿದ ಓವರ್‌ಲಾಕ್ ಹೊಲಿಗೆ ಇತ್ತು. ಗೋಧಿ ಕಾಳಿನಷ್ಟು ದಪ್ಪ. ಹೆಬ್ಬೆಟ್ಟಿನಿಂದ ಸವರಿದರೆ ಗರಗರ ಅನ್ನುತ್ತಿತ್ತು. ಆ ಹೊಲಿಗೆ ಸರಿಯಾಗಿ ಸೀಟು ಒತ್ತುವ ಜಾಗದಲ್ಲೇ ಇತ್ತು. ಅದರ ಮೇಲೆ ಚೂಡಿದಾರದ ಪ್ಯಾಂಟು. ಪ್ಯಾಂಟಿನ ಹೊಲಿಗೆಗಳೆಲ್ಲ ಬಂದು ಸೇರುವ ಗಂಟೂ ಅಲ್ಲೇ. ಕೆಳಗೆ ಸೀಟು. ನಿಮಿಷಕ್ಕೆ ಅರವತ್ತು ಸುತ್ತು ಪೆಡಲ್ ತುಳಿದರೆ ಅರ್ಧ ಗಂಟೆಗೆ 1800 ಸುತ್ತು. ಒಂದೊಂದು ಸುತ್ತಿಗೂ ಆ ಹೊಲಿಗೆ ಚರ್ಮವನ್ನು ಒಂದಿಷ್ಟು ಉಜ್ಜುತ್ತದೆ. ಹೋಗುವಾಗ 1800, ಬರುವಾಗ 1800. ಆ ಹೊಲಿಗೆಯನ್ನು ಕೈಯಲ್ಲಿ ಹಿಡಿದುಕೊಂಡು ಎಷ್ಟೋ ಹೊತ್ತು ಕೂತಿದ್ದೆ. ಹದಿಮೂರು ವರ್ಷದ ಆ ಕೂಸಿನ ಮೈಯಲ್ಲಿ ಯಾವ ತಪ್ಪೂ ಇರಲಿಲ್ಲ.

ಹೊಲಿಗೆಯ ಜೊತೆ ಸೇರುವುದು ಬೆವರಿನ ಒದ್ದೆ. ನಮ್ಮ ಕರಾವಳಿಯಲ್ಲಿ ಇದು ಘಟ್ಟದ ಮೇಲಿಗಿಂತ ದೊಡ್ಡ ತೊಂದರೆ. ಹತ್ತಿ ಒಳ್ಳೇದು ಅಂತ ನಮಗೆ ಚಿಕ್ಕಂದಿನಿಂದ ಹೇಳಿದ್ದಾರೆ. ದಿನವಿಡೀ ಹಾಕಿಕೊಳ್ಳಲು ಹತ್ತಿ ಒಳ್ಳೇದೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಹತ್ತಿಯ ನೂಲು ನೀರನ್ನು ತನ್ನೊಳಗೇ ಹೀರಿ ಇಟ್ಟುಕೊಳ್ಳುತ್ತದೆ. ಕಾರವಾರದ ಗಾಳಿಯಲ್ಲೇ ಅಷ್ಟು ತೇವ ಇರುವಾಗ ಅದು ಆರುವುದು ಯಾವಾಗ? ಒದ್ದೆ ಚರ್ಮ ಮೆತ್ತಗಾಗುತ್ತದೆ, ಬೇಗ ಸುಲಿಯುತ್ತದೆ. ಬೆವರು ಆರಿದರೆ ಉಪ್ಪು ಉಳಿಯುತ್ತದೆ, ಅದು ಮರಳಿನ ಹಾಗೆ ತಿಕ್ಕುತ್ತದೆ. ಪಾಲಿಯೆಸ್ಟರ್ ಅಥವಾ ನೈಲಾನಿನಲ್ಲಿ ನೆಯ್ದ ಆಟದ ಬಟ್ಟೆಗಳು ಹಾಗಲ್ಲ. ಆ ನೂಲು ನೀರು ಹೀರುವುದು ಕಡಿಮೆ. ಬೆವರನ್ನು ಬಟ್ಟೆಯ ಹೊರಮೈಗೆ ಹರಡುತ್ತದೆ, ಬೇಗ ಆರುತ್ತದೆ. ಹಾಗಂತ ಎಲ್ಲ ನೈಲಾನೂ ಅಂಥದ್ದಲ್ಲ. ಮಿರಿಮಿರಿ ಹೊಳೆಯುವ, ಗಾಳಿಯಾಡದ ಪ್ಯಾಂಟಿಗಳು ಹತ್ತಿಗಿಂತ ಕೆಟ್ಟವು.

ಹಾಗಾಗಿ ನಾನು ಈಗ ಹೀಗೆ ಮಾಡುತ್ತೇನೆ. ಸಂತೆಗೆ, ಪೋಸ್ಟಾಫೀಸಿಗೆ, ಎರಡು ಮೂರು ಕಿಲೋಮೀಟರ್ ಅಂದರೆ ಹತ್ತಿಯದೇ ಸಾಕು. ಆದರೆ ಹೊಲಿಗೆ ಚಪ್ಪಟೆ ಇರಬೇಕು. ಕಾಲಿನ ಇಲಾಸ್ಟಿಕ್ ತೊಡೆ ಸಂದಿನಲ್ಲಿ ಕೂರಬಾರದು. ಅಂಗಡಿಯಲ್ಲಿ ಬಾಯ್ ಶಾರ್ಟ್ಸ್ ಅಂತ ಕೊಡುತ್ತಾರಲ್ಲ, ತೊಡೆಯ ಮೇಲೆ ನಾಲ್ಕು ಬೆರಳು ಇಳಿಯುವಂಥದ್ದು, ಅದು ಇದಕ್ಕೆ ಸರಿ. ತೊಡೆ ತೊಡೆ ಉಜ್ಜುವವರಿಗಂತೂ ತುಂಬಾ ಸಮಾಧಾನ. ಶಾಲೆಗೆ ಹೋಗುವ ದಿನ ಬೇಗ ಆರುವ ಬಟ್ಟೆಯ, ಹೊಲಿಗೆಯ ಬದಲು ಅಂಚು ಅಂಟಿಸಿದ ಸೀಮ್‌ಲೆಸ್ ಹಾಕಿಕೊಳ್ಳುತ್ತೇನೆ. ಚೀಲದಲ್ಲಿ ಒಂದು ಹತ್ತಿಯದು ಇರುತ್ತದೆ. ಶಾಲೆ ಮುಟ್ಟಿದ ಕೂಡಲೇ ಬದಲಾಯಿಸುತ್ತೇನೆ. ಬೆವತ ಬಟ್ಟೆಯಲ್ಲೇ ದಿನ ಕಳೆದರೆ ತುರಿಕೆ, ಫಂಗಸ್ಸು, ಕೂದಲ ಬುಡದಲ್ಲಿ ಕೀವುಗುಳ್ಳೆ ಎಲ್ಲ ಶುರುವಾಗುತ್ತವೆ. ಒಂದು ಪ್ಯಾಂಟಿ ಚೀಲದಲ್ಲಿಟ್ಟುಕೊಳ್ಳುವುದು ಎಷ್ಟು ಸಣ್ಣ ಕೆಲಸ, ಅಲ್ವಾ?

ಅಂಗಡಿಯ ವಿಷಯ ಸ್ವಲ್ಪ ಹೇಳಬೇಕು. ಪೇಟೆಯಲ್ಲಿ ನಾನು ಮೊದಲು ಹೋದ ಅಂಗಡಿಯಲ್ಲಿ ಕೌಂಟರಿನ ಆಚೆ ಒಬ್ಬರು ಹಿರಿಯರಿದ್ದರು. "ಸೈಜ್ ಎಷ್ಟು?" ಎಂದು ಕೇಳಿ, ನನ್ನ ಮುಖ ನೋಡದೆ, ಡಬ್ಬಿ ಮುಂದೆ ಇಟ್ಟರು. ಅವರಿಗೂ ಮುಜುಗರ, ನನಗೂ ಮುಜುಗರ. ಡಬ್ಬಿ ಬಿಚ್ಚದೆ ದುಡ್ಡು ಕೊಟ್ಟು ಬಂದೆ. ನಾವು ತರಕಾರಿಯನ್ನು ಮುಟ್ಟಿ, ತಿರುಗಿಸಿ ನೋಡದೆ ತರುವುದಿಲ್ಲ. ದಿನಾ ಮೈಗೆ ತಾಗುವ ಬಟ್ಟೆಯನ್ನು ಮಾತ್ರ ಕಣ್ಣು ಮುಚ್ಚಿ ತರುತ್ತೇವೆ. ಎರಡನೇ ಸಲ ಹೆಣ್ಣುಮಕ್ಕಳು ಕೆಲಸಕ್ಕಿರುವ ಅಂಗಡಿಗೆ ಹೋದೆ. "ಸೈಕಲ್ ಹೊಡೀತೇನೆ, ನಡುವಿನ ಹೊಲಿಗೆ ದಪ್ಪ ಇಲ್ಲದ್ದು ತೋರಿಸು ತಂಗಿ" ಎಂದೆ. ಆ ಹುಡುಗಿ ಒಂದು ಕ್ಷಣ ನೋಡಿ, ಒಳಗಿಂದ ಆರೇಳು ತಂದಳು. ಒಂದೊಂದನ್ನೂ ಒಳಮೈ ಹೊರಗೆ ಮಾಡಿದೆವು. ಹೆಬ್ಬೆಟ್ಟಿಗೆ ಹೊಲಿಗೆ ಸಿಕ್ಕರೆ ಬೇಡ. ನಡುವಿನ ತುಂಡು ಅಗಲ ಇರಬೇಕು, ಹಿಂದಿನ ಜೋಡಣೆ ಕುಂಡೆಯ ಮೇಲಕ್ಕೆ ಹೋಗಿರಬೇಕು. ಎಳೆದು ಬಿಟ್ಟರೆ ಮೊದಲಿನ ಹಾಗೆ ಕೂರಬೇಕು. ಕೊನೆಗೆ ಅವಳೇ ಹೇಳಿದಳು: "ಒಂದು ಸೈಜ್ ದೊಡ್ಡದು ತಗೋಬೇಡಿ ಅಕ್ಕಾ, ಮಡಚಿಕೊಳ್ತದೆ." ಸರಿಯಾದ ಮಾತು. ಸಡಿಲ ಇದ್ದರೆ ಆರಾಮ ಅಂತ ನಾನೂ ಅಂದುಕೊಂಡಿದ್ದೆ. ಸೀಟಿನ ಮೇಲೆ ಸಡಿಲ ಬಟ್ಟೆ ನೆರಿಗೆ ಕಟ್ಟುತ್ತದೆ. ಆ ನೆರಿಗೆ ಇನ್ನೊಂದು ಹೊಲಿಗೆಯ ಸಮ.

ಇನ್ನು ಪ್ಯಾಡ್ ಇರುವ ಸೈಕಲ್ ಶಾರ್ಟ್ಸ್. ಭಾನುವಾರ ಅಂಕೋಲೆ ಕಡೆ ಹೊರಟರೆ ಹೋಗಿ ಬರುವಷ್ಟರಲ್ಲಿ ಅರವತ್ತು ಕಿಲೋಮೀಟರ್ ದಾಟುತ್ತದೆ. ಆಗ ಇದಿಲ್ಲದೆ ಆಗುವುದಿಲ್ಲ. ಹಿಂದೆಲ್ಲ ಆ ಪ್ಯಾಡನ್ನು ಚರ್ಮದಲ್ಲಿ ಮಾಡುತ್ತಿದ್ದರು. ಶಾಮ್ವಾ ಎಂಬ ಯುರೋಪಿನ ಬೆಟ್ಟದ ಮೇಕೆಯ ಮೆತ್ತನೆ ಚರ್ಮ. ಈಗ ಸ್ಪಂಜು, ಮೇಲೆ ಬೆವರು ಎಳೆಯುವ ಬಟ್ಟೆ, ಹೆಸರು ಮಾತ್ರ ಶಾಮ್ವಾ ಅಂತಲೇ ಉಳಿದಿದೆ. ಹೆಂಗಸರದು, ಗಂಡಸರದು ಬೇರೆ ಬೇರೆ. ಎಲುಬು ಕೂರುವ ಜಾಗ, ನಡುವಿನ ಆಕಾರ ಎರಡೂ ಬೇರೆ. ಗಂಡನದ್ದೋ ಅಣ್ಣನದ್ದೋ ಇದೆ ಅಂತ ಹಾಕಿಕೊಳ್ಳಬೇಡಿ.

ಇದರಲ್ಲಿ ನಾನು ಮಾಡಿದ ತಪ್ಪು ಎಲ್ಲರೂ ಮಾಡುತ್ತಾರೆ. ಶಾರ್ಟ್ಸಿನ ಒಳಗೆ ಪ್ಯಾಂಟಿ ಹಾಕಿಕೊಂಡೆ. ಹಾಕದೆ ಇರುವುದು ಹೇಗೆ? ಮನಸ್ಸೇ ಒಪ್ಪುವುದಿಲ್ಲ. ಆದರೆ ಆ ಶಾರ್ಟ್ಸೇ ಒಳಬಟ್ಟೆ. ಹೊಲಿಗೆ ಇಲ್ಲದ ಮೈ ಚರ್ಮಕ್ಕೆ ನೇರ ತಾಗಲಿ ಅಂತಲೇ ಅದನ್ನು ಮಾಡಿದ್ದು. ಒಳಗೆ ಪ್ಯಾಂಟಿ ಹಾಕಿದರೆ ಅದೇ ಹಳೇ ಹೊಲಿಗೆ, ಅದೇ ಒದ್ದೆ ಹತ್ತಿ ಮತ್ತೆ ನಡುವೆ ಬಂದು ಕೂರುತ್ತದೆ. ಸಾವಿರ ರೂಪಾಯಿ ಕೊಟ್ಟದ್ದು ನೀರಿಗೆ ಹಾಕಿದ ಹಾಗೆ. ಮೇಲೆ ಸಡಿಲ ಪ್ಯಾಂಟೋ ಉದ್ದ ಕುರ್ತಾವೋ ಹಾಕಿಕೊಳ್ಳಿ, ಯಾರಿಗೂ ಕಾಣುವುದಿಲ್ಲ. ನಾನು ಹಾಗೇ ಮಾಡುತ್ತೇನೆ.

ಈ ಶಾರ್ಟ್ಸನ್ನು ಒಂದು ಸಲ ಹಾಕಿದ ಮೇಲೆ ಒಗೆಯದೆ ಇನ್ನೊಂದು ಸಲ ಹಾಕಬಾರದು. ಮೆತ್ತಗಾಗಲಿ ಅಂತ ಕಂಫರ್ಟ್ ಥರದ ದ್ರವ ಹಾಕಬೇಡಿ, ಅದು ನೂಲಿಗೆ ಪೊರೆ ಕಟ್ಟಿ ಬೆವರು ಎಳೆಯುವ ಗುಣವನ್ನೇ ಕೆಡಿಸುತ್ತದೆ. ಕುದಿಯುವ ನೀರು, ಇಸ್ತ್ರಿ ಎರಡೂ ಬೇಡ. ತೊಡೆ ಉಜ್ಜುವ ಕಡೆ ಹೊರಚರ್ಮಕ್ಕೆ ಒಂಚೂರು ವ್ಯಾಸಲೀನ್ ಸವರಿದರೆ ಸಾಕು. ಕೊಬ್ಬರಿ ಎಣ್ಣೆಯೂ ಆಗುತ್ತದೆ, ಆದರೆ ಪ್ಯಾಡಿಗೆ ಹಿಡಿದರೆ ಜಿಡ್ಡು ಹೋಗುವುದು ಕಷ್ಟ. ಪೌಡರ್ ಮಾತ್ರ ಹಾಕಬೇಡಿ. ಬೆವರಿಗೆ ಕಲಸಿ ಹಿಟ್ಟಿನ ಮುದ್ದೆಯಾಗುತ್ತದೆ.

ಮುಟ್ಟಿನ ದಿನಗಳನ್ನು ಹೇಳದೆ ಬಿಟ್ಟರೆ ಈ ಬರಹಕ್ಕೆ ಅರ್ಥವಿಲ್ಲ. ನಮ್ಮ ಹುಡುಗಿಯರು ಸೈಕಲ್ಲು ಬಿಟ್ಟು ನಡೆಯುವುದು ಜಾಸ್ತಿ ಆ ದಿನಗಳಲ್ಲೇ. ಮುಟ್ಟಿನ ಪ್ಯಾಡಿನ ಅಂಚು, ಅದರ ರೆಕ್ಕೆಯ ಪ್ಲಾಸ್ಟಿಕ್ಕು ತೊಡೆಗೆ ಗೀರುತ್ತದೆ. ಸಡಿಲ ಪ್ಯಾಂಟಿಯಲ್ಲಿ ಪ್ಯಾಡು ಸರಿದು ಮುದ್ದೆಯಾಗುತ್ತದೆ. ಮೈಗೆ ಅಂಟಿ ಕೂರುವ ಪ್ಯಾಂಟಿ, ತೆಳು ಪ್ಯಾಡು, ಮೇಲೊಂದು ಬಿಗಿ ಶಾರ್ಟ್ಸ್ ಹಾಕಿದರೆ ಸರಿಯುವುದು ಕಡಿಮೆ. ರಕ್ತ ಹೀರುವ ಪದರ ಇರುವ ಪಿರಿಯಡ್ ಪ್ಯಾಂಟಿ ಈಗ ಬಂದಿದೆ, ಕಡಿಮೆ ಹರಿವಿನ ದಿನಕ್ಕೆ ಚೆನ್ನಾಗಿದೆ. ನಾನು ಎರಡು ವರ್ಷದಿಂದ ಮುಟ್ಟಿನ ಕಪ್ ಬಳಸುತ್ತೇನೆ, ರಕ್ತ ಹಿಡಿಯಲು ಮೈಯೊಳಗೆ ಇಟ್ಟುಕೊಳ್ಳುವ ಮೆತ್ತನೆ ಬಟ್ಟಲು ಅದು. ಸೈಕಲ್ಲಿಗೆ ಅದರಷ್ಟು ಹಗುರ ಬೇರೆ ಯಾವುದೂ ಇಲ್ಲ ಅನ್ನಿಸಿದೆ. ಅಭ್ಯಾಸ ಆಗಲಿಕ್ಕೆ ಮೂರು ತಿಂಗಳು ಹಿಡಿಯಿತು, ಅದನ್ನೂ ಹೇಳಬೇಕು.

ಬ್ರಾ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಸೈಕಲ್ಲಿನಲ್ಲಿ ಓಟದಷ್ಟು ಕುಲುಕಾಟವಿಲ್ಲ. ಆದರೆ ಮುಂದೆ ಬಾಗಿ ಕೂರುತ್ತೇವೆ, ಬೆನ್ನಿಗೆ ಚೀಲ ಇರುತ್ತದೆ. ಹಿಂದಿನ ಹುಕ್ಕು, ಭುಜದ ಪಟ್ಟಿಯ ಲೋಹದ ಬಳೆ ಎರಡೂ ಚೀಲದ ಅಡಿಯಲ್ಲಿ ಚರ್ಮಕ್ಕೆ ಒತ್ತುತ್ತವೆ. ತಂತಿ ಇರುವುದು ಬೇಡ. ಎದೆಯ ಕೆಳಗಿನ ಪಟ್ಟಿಯೇ ಭಾರ ಹೊರಬೇಕು, ಭುಜವಲ್ಲ. ಹಾಕಿಕೊಂಡು ಎರಡೂ ಕೈ ಮೇಲೆತ್ತಿ ನೋಡಿ, ಪಟ್ಟಿ ಮೇಲಕ್ಕೆ ಜಾರಿದರೆ ಅದು ನಿಮ್ಮ ಅಳತೆಯದ್ದಲ್ಲ. ಇನ್ನೊಂದು. ತಲೆ ಮೇಲಿಂದ ಹಾಕುವ ಸ್ಪೋರ್ಟ್ಸ್ ಬ್ರಾ ಬೆವತ ಮೈಯಿಂದ ಬಿಚ್ಚುವುದು ದೊಡ್ಡ ಹೋರಾಟ. ಕಾರವಾರದ ಸೆಕೆಗೆ ಮುಂದೆ ಜಿಪ್ಪೋ ಹುಕ್ಕೋ ಇರುವುದೇ ಸರಿ.

ಈ ಸ್ಪೋರ್ಟ್ಸ್ ಬ್ರಾ ಹುಟ್ಟಿದ್ದು 1977ರಲ್ಲಿ, ಅಮೆರಿಕದ ವರ್ಮಾಂಟ್‌ನಲ್ಲಿ. ಲೀಸಾ ಲಿಂಡಾಲ್, ಪಾಲಿ ಸ್ಮಿತ್, ಹಿಂಡಾ ಮಿಲ್ಲರ್ ಎಂಬ ಮೂವರು ಹೆಂಗಸರು ಗಂಡಸರ ಆಟದ ಒಳಚಡ್ಡಿ ಎರಡನ್ನು ಜೋಡಿಸಿ ಹೊಲಿದು ಮೊದಲನೇದನ್ನು ಮಾಡಿದರು. ಅದಕ್ಕೂ ಹಿಂದೆ 1881ರಲ್ಲಿ ಲಂಡನ್ನಿನಲ್ಲಿ ಹೆಂಗಸರ ಉಡುಪು ಹಗುರವಾಗಬೇಕು ಅಂತ ಒಂದು ಸಂಘವೇ ಹುಟ್ಟಿತ್ತು. ಹೆಸರು ರ‍್ಯಾಷನಲ್ ಡ್ರೆಸ್ ಸೊಸೈಟಿ. ಒಳಬಟ್ಟೆಯ ಒಟ್ಟು ತೂಕ ಏಳು ಪೌಂಡ್ ದಾಟಬಾರದು ಎಂದು ಅವರು ಹೇಳಿದ್ದರು. ಮೂರು ಕಿಲೋಗಿಂತ ಜಾಸ್ತಿ! ಅದು ಅವರ ಪಾಲಿಗೆ ಹಗುರ. 1890ರ ದಶಕದಲ್ಲಿ ಅಲ್ಲಿನ ಹೆಂಗಸರು ಸೈಕಲ್ಲು ಹತ್ತಿದಾಗಲೂ ದೊಡ್ಡ ಜಗಳ ನಡೆದದ್ದು ಬಟ್ಟೆಯ ಮೇಲೇ. ಬೇರೆ ದೇಶದ, ಬೇರೆ ಕಾಲದ ಮಾತು ನಿಜ. ಆದರೆ ಅವರು ಅದನ್ನು ಬಾಯಿಬಿಟ್ಟು ಹೇಳಿದರು, ಬರೆದರು, ಸಭೆ ಮಾಡಿದರು. ನಮ್ಮಲ್ಲಿ 2006-07ರಿಂದ ಎಂಟನೇ ಕ್ಲಾಸಿನ ಮಕ್ಕಳಿಗೆ ಸೈಕಲ್ಲು ಕೊಟ್ಟರು. ಎಷ್ಟು ಹುಡುಗಿಯರು ಅದರಿಂದ ಹೈಸ್ಕೂಲು ಮುಗಿಸಿದರು ಅಂತ ಊರೂರಲ್ಲಿ ನೋಡಿದ್ದೇನೆ. ಒಳ್ಳೇ ಕೆಲಸ. ಆ ಸೈಕಲ್ಲಿನ ಮೇಲೆ ಏನು ಹಾಕಿ ಕೂರಬೇಕು ಅಂತ ಒಂದು ಮಾತನ್ನು ನಾವು ಅಕ್ಕೋರುಗಳಾದರೂ ಹೇಳಬೇಕಿತ್ತು. ನಾನು ಹೇಳಿರಲಿಲ್ಲ.

ಆ ಅಕ್ಟೋಬರಿನ ಸಂಜೆಯ ಮರುದಿನ ಹೇಳಿದೆ. ಹೊಲಿಗೆಯ ಪಾಠದ ನೆಪದಲ್ಲಿ ಹುಡುಗಿಯರನ್ನಷ್ಟೇ ಕೂರಿಸಿಕೊಂಡು, ಹೊಸ ಪ್ಯಾಂಟಿ ಎರಡು ಒಯ್ದು, ಒಳಮೈ ಹೊರಗೆ ಮಾಡಿ ತೋರಿಸಿದೆ. ಮೊದಲು ಎಲ್ಲರೂ ಮುಖ ಮುಚ್ಚಿಕೊಂಡು ನಕ್ಕರು. ಒಬ್ಬೊಬ್ಬರಾಗಿ ಹೆಬ್ಬೆಟ್ಟಿನಿಂದ ಸವರಿ ನೋಡಿದರು. ನಗು ನಿಂತಿತು. "ನಂಗೂ ಇಲ್ಲೇ ಗೀರ್ತದೆ" ಎಂದಳು ಹಿಂದಿನ ಬೆಂಚಿನವಳು. ಆಮೇಲೆ ತಡೆಯಲಿಕ್ಕೇ ಆಗಲಿಲ್ಲ, ಅಷ್ಟು ಮಾತು.

ಅವತ್ತು ಎಲ್ಲರೂ ಹೇಳಿದ್ದು ಒಂದು: ಒಣಗುವುದಿಲ್ಲ. ಕಾರವಾರದಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮೇಲೆ ಮಳೆ. ಅದರಲ್ಲಿ ಹೆಚ್ಚಿನದು ಜೂನಿನಿಂದ ಸೆಪ್ಟೆಂಬರಿನ ಒಳಗೆ. ದಪ್ಪ ಬಟ್ಟೆ ಬಿಡಿ, ಕರವಸ್ತ್ರವೂ ಎರಡು ದಿನ ತಣ್ಣಗೇ ಇರುತ್ತದೆ. ಅದರ ಮೇಲೆ ಒಳಬಟ್ಟೆಯನ್ನು ನಾವು ಒಣಗಿಸುವ ರೀತಿ. ತಂತಿಯ ಮೂಲೆಯಲ್ಲಿ, ಟವೆಲಿನ ಅಡಿಯಲ್ಲಿ, ಬಾಗಿಲ ಹಿಂದೆ. ಬಿಸಿಲಿದ್ದ ದಿನವೂ ಅದಕ್ಕೆ ಬಿಸಿಲು ತಾಗುವುದಿಲ್ಲ. ನನ್ನ ಆಯಿ ಪೆಟಿಕೋಟಿನ ಅಡಿ ಹಾಕುತ್ತಿದ್ದಳು, ನಾನೂ ಹಾಗೇ ಕಲಿತೆ. ಈಗ ಬಿಟ್ಟಿದ್ದೇನೆ. ಒಗೆದ ಮೇಲೆ ಒಣ ಟವೆಲಿನಲ್ಲಿ ಸುತ್ತಿ, ಮೊಣಕಾಲಲ್ಲಿ ಒತ್ತಿ ನೀರು ತೆಗೆಯುತ್ತೇನೆ. ಒಳಮೈ ಹೊರಗೆ ಮಾಡಿ ಅಂಗಳದ ತಂತಿಗೆ, ಎಲ್ಲ ಬಟ್ಟೆಯ ಜೊತೆಗೇ ಹಾಕುತ್ತೇನೆ. ಮಳೆ ದಿನ ಫ್ಯಾನಿನ ಕೆಳಗೆ. ಶಿರಸಿಗೆ ಹೋದಾಗ ಬಚ್ಚಲ ಒಲೆಯ ಹತ್ತಿರ, ಹೊಗೆ ತಾಗದಷ್ಟು ದೂರದಲ್ಲಿ. ಹಂಡೆಯ ಬಿಸಿಗೆ ರಾತ್ರಿ ಹಾಕಿದ್ದು ಬೆಳಿಗ್ಗೆ ಗರಿಗರಿ. ಸೈಕಲ್ಲಿಗೆ ಹೋಗುವವರ ಹತ್ತಿರ ಮಳೆಗಾಲಕ್ಕೆ ಕಡಿಮೆ ಅಂದರೂ ಆರು ಜೊತೆ ಇರಲಿ.

ಆರು ಜೊತೆ ಎಂದದ್ದೇ ಆ ಸೈಕಲ್ಲು ತಳ್ಳುತ್ತಿದ್ದ ಹುಡುಗಿ ಕೈ ಎತ್ತಿದಳು.

"ನಮ್ಮನೇಲಿ ಅಷ್ಟಿಲ್ಲ ಅಕ್ಕೋರೇ. ಇದ್ದದ್ದೂ ಒಣಗ್ಲಿಲ್ಲ ಅಂದ್ರೆ?"

"ಒದ್ದೆಯದನ್ನು ಹಾಕಿಕೊಂಡು ಮಾತ್ರ ಸೈಕಲ್ಲು ಹತ್ತಬೇಡ" ಎಂದೆ. "ಅವತ್ತು ಬಸ್ಸಿಗೆ ಬಾ. ಸೈಕಲ್ಲು ಎಲ್ಲಿ ಅಂತ ಯಾರಾದರೂ ಕೇಳಿದರೆ, ಚಡ್ಡಿ ಒಣಗಿಲ್ಲ ಅಂತ ಹೇಳು."

ಅವಳು ತಲೆ ತಗ್ಗಿಸಿ ನಕ್ಕಳು. ಮುಂದಿನ ಸೋಮವಾರ ಬಂದು, "ಅಮ್ಮನ ಜೊತೆ ಸಂತೆಗೆ ಹೋಗಿ ಮೂರು ತಂದೆ" ಅಂದಳು. ಹೊಲಿಗೆ ನೋಡಿದ್ದು ಅಮ್ಮ ಅಂತೆ.